ಸಣ್ಣಕರುಳಿನ ಹಾದಿಯಲ್ಲಿ ಕ್ಯಾಮೆರಾ: ಯಾರಿಗೆ, ಯಾವಾಗ, ಏಕೆ?

ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ 'ನಾರ್ಮಲ್' ಎಂದು ಬಂದ ಮೇಲೂ ಮೈಯಲ್ಲಿ ರಕ್ತ ನಿಲ್ಲುತ್ತಿಲ್ಲವೆಂದರೆ ಹುಡುಕಾಟ ಇನ್ನೂ ಮುಗಿದಿಲ್ಲ ಎಂದರ್ಥ. ಎರಡೂ ಸ್ಕೋಪಿಗಳಿಗೆ ನಿಲುಕದ ಸಣ್ಣಕರುಳನ್ನು ತೋರಿಸುವ ಕ್ಯಾಪ್ಸೂಲ್ ಎಂಡೋಸ್ಕೋಪಿಯನ್ನು ವೈದ್ಯರು ಹೇಗೆ ಬಳಸುತ್ತಾರೆ?

ಕೆಲವು ರೋಗಿಗಳ ಫೈಲು ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತದೆ. ಕಾಯಿಲೆಯ ಹೆಸರು ಮಾತ್ರ ಅದರಲ್ಲಿ ಸಿಗುವುದಿಲ್ಲ. ಹಿಮೋಗ್ಲೋಬಿನ್ 6.8 ಎಂದು ಒಂದು ಚೀಟಿ. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ 9. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ 7. ಕಬ್ಬಿಣದ ಮಾತ್ರೆ ತಪ್ಪಿಲ್ಲ, ಊಟ ಬಿಟ್ಟಿಲ್ಲ. ಬಾಯಿಯಿಂದ ಇಳಿಸಿದ ಎಂಡೋಸ್ಕೋಪಿಯಲ್ಲಿ ಹುಣ್ಣಿಲ್ಲ, ಗುದದ್ವಾರದಿಂದ ಮಾಡಿದ ಕೊಲೊನೋಸ್ಕೋಪಿಯಲ್ಲಿ ಗಡ್ಡೆಯಿಲ್ಲ. ಮನೆಯವರು "ಎಲ್ಲಾ ನಾರ್ಮಲ್ ಅಂದ್ರಲ್ಲ, ಮತ್ಯಾಕೆ ಹೀಗೆ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇಂಥವರಿಗೆ ರಕ್ತ ಕೊಟ್ಟು ಕಳಿಸುವುದು ಅಂದಿನ ಅಪಾಯವನ್ನು ದಾಟಿಸುತ್ತದೆ. ರಕ್ತ ಎಲ್ಲಿ ಹೋಗುತ್ತಿದೆ ಎಂದು ಪತ್ತೆಹಚ್ಚದ ಹೊರತು ಅದು ಚಿಕಿತ್ಸೆಯಾಗುವುದಿಲ್ಲ.

ಉತ್ತರ ಎಷ್ಟೋ ಸಲ ಎರಡೂ ಸ್ಕೋಪಿಗಳು ತಲುಪದ ಜಾಗದಲ್ಲಿರುತ್ತದೆ. ಬಾಯಿಯಿಂದ ಹೋಗುವ ಸ್ಕೋಪು ಅನ್ನನಾಳ, ಜಠರ ದಾಟಿ ಸಣ್ಣಕರುಳಿನ ಮೊದಲ ತಿರುವಿನವರೆಗೆ ಹೋಗಿ ನಿಲ್ಲುತ್ತದೆ. ಕೆಳಗಿನಿಂದ ಹೋಗುವುದು ದೊಡ್ಡಕರುಳನ್ನೆಲ್ಲ ನೋಡಿ, ಸಣ್ಣಕರುಳಿನ ಕೊನೆಯ ಕೆಲವು ಸೆಂಟಿಮೀಟರ್ ಇಣುಕಿ ಹಿಂತಿರುಗುತ್ತದೆ. ಇವೆರಡರ ನಡುವೆ ಐದಾರು ಮೀಟರ್ ಉದ್ದದ ಕರುಳು ಸುರುಳಿ ಸುತ್ತಿಕೊಂಡು ಕುಳಿತಿದೆ. ಜೀರ್ಣಾಂಗದ ಒಟ್ಟು ರಕ್ತಸ್ರಾವಗಳಲ್ಲಿ ಶೇ 5ರಷ್ಟು ಇಲ್ಲಿಂದಲೇ ಆಗುತ್ತವೆ ಎಂಬುದು ವೈದ್ಯಕೀಯದ ಅಂದಾಜು. ಸಿಟಿ ಸ್ಕ್ಯಾನಿನಲ್ಲಿ ಗೋಡೆ ದಪ್ಪವಾದದ್ದು, ಗಡ್ಡೆ ಬೆಳೆದದ್ದು ಕಾಣುತ್ತದೆ. ಒಳಪದರದ ಮೇಲಿನ ಕೆಂಪು ಚುಕ್ಕೆಯಾಗಲಿ ಚಪ್ಪಟೆ ಹುಣ್ಣಾಗಲಿ ಕಾಣುವುದಿಲ್ಲ. ಹಿಂದೆ ಇಂಥದ್ದನ್ನು ಹುಡುಕಲು ಕೆಲವೊಮ್ಮೆ ಹೊಟ್ಟೆಯನ್ನೇ ಕೊಯ್ದು, ಶಸ್ತ್ರಚಿಕಿತ್ಸಕರು ಕರುಳನ್ನು ಕೈಯಲ್ಲಿ ಹಿಡಿದು ಅದರೊಳಗೆ ಸ್ಕೋಪು ತೂರಿಸಬೇಕಾಗುತ್ತಿತ್ತು.

ಕ್ಷಿಪಣಿ ಎಂಜಿನಿಯರಿನ ಆಲೋಚನೆ

ಇದಕ್ಕೆ ದಾರಿ ತೆರೆದವರು ವೈದ್ಯರಲ್ಲ. ಇಸ್ರೇಲಿನ ಗೇಬ್ರಿಯಲ್ ಇಡ್ಡಾನ್ ರಕ್ಷಣಾ ಸಂಸ್ಥೆಯಲ್ಲಿ ಕ್ಷಿಪಣಿಗಳ ದೃಕ್ ಸಾಧನಗಳ ಮೇಲೆ ಕೆಲಸ ಮಾಡುತ್ತಿದ್ದ ಎಂಜಿನಿಯರ್. 1981ರಲ್ಲಿ ಬಾಸ್ಟನ್ನಿನಲ್ಲಿದ್ದಾಗ ನೆರೆಯಲ್ಲಿದ್ದ ಜೀರ್ಣಾಂಗ ತಜ್ಞ ಈಟನ್ ಸ್ಕಾಪಾ ಸಣ್ಣಕರುಳಿನ ತೊಡಕನ್ನು ಅವರಿಗೆ ವಿವರಿಸಿದರು. ನುಂಗಬಹುದಾದ ಕ್ಯಾಮೆರಾದ ಯೋಚನೆ ಅಲ್ಲಿ ಮೊಳೆಯಿತು. ಆದರೆ ಆ ಕಾಲದ ಕ್ಯಾಮೆರಾ ಚಿಪ್ಪುಗಳಿಗೆ ಬೇಕಾದಷ್ಟು ವಿದ್ಯುತ್ತನ್ನು ಪುಟ್ಟ ಬ್ಯಾಟರಿ ಕೊಡಲಾರದಾಗಿತ್ತು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಸಿಮೋಸ್ ಚಿಪ್ಪು 1990ರ ದಶಕದಲ್ಲಿ ಬಂದ ಮೇಲೆ ಕೆಲಸ ಮುಂದುವರಿಯಿತು. ಇದೇ ಜಾಡಿನಲ್ಲಿ ಲಂಡನ್ನಿನಲ್ಲಿ ಬೇರೆಯಾಗಿ ದುಡಿಯುತ್ತಿದ್ದ ವೈದ್ಯ ಪಾಲ್ ಸ್ವೇನ್ ಕೈಜೋಡಿಸಿದರು. 1999ರಲ್ಲಿ ಕ್ಯಾಪ್ಸೂಲನ್ನು ಮೊದಲು ನುಂಗಿದವರೂ ಅವರೇ. 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು.

ಮೊದಲ ಕ್ಯಾಪ್ಸೂಲಿನ ಉದ್ದ 26 ಮಿಲಿಮೀಟರ್, ದಪ್ಪ 11 ಮಿಲಿಮೀಟರ್, ತೂಕ ನಾಲ್ಕು ಗ್ರಾಮಿಗೂ ಕಡಿಮೆ. ಇಂದಿನವೂ ಹೆಚ್ಚುಕಡಿಮೆ ಅಷ್ಟೇ. ಒಳಗೆ ಮಸೂರ, ಪುಟ್ಟ ಎಲ್‌ಇಡಿ ದೀಪಗಳು, ಚಿತ್ರ ಹಿಡಿಯುವ ಚಿಪ್ಪು, ಬ್ಯಾಟರಿ, ಸಂಕೇತ ಕಳಿಸುವ ಸಾಧನ. ಮೊದಲಿನದು ಸೆಕೆಂಡಿಗೆ ಎರಡು ಚಿತ್ರ ತೆಗೆಯುತ್ತಿತ್ತು, ಬ್ಯಾಟರಿ ಎಂಟು ಗಂಟೆ ಬರುತ್ತಿತ್ತು. ಈಗಿನವುಗಳಲ್ಲಿ ಕೆಲವು ಕರುಳು ಬೇಗ ಚಲಿಸುವ ಕಡೆ ಸೆಕೆಂಡಿಗೆ ಆರು ಚಿತ್ರದವರೆಗೂ ವೇಗ ಹೆಚ್ಚಿಸಿಕೊಳ್ಳುತ್ತವೆ, ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ. ಕ್ಯಾಪ್ಸೂಲಿಗೆ ಸ್ವಂತ ಚಲನೆಯಿಲ್ಲ. ಊಟವನ್ನು ಮುಂದೆ ತಳ್ಳುವ ಕರುಳಿನ ಅಲೆಗಳೇ ಅದನ್ನೂ ತಳ್ಳುತ್ತವೆ.

ಯಾರಿಗೆ ಬೇಕು, ಯಾರಿಗೆ ಬೇಡ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. ಇವರೆಲ್ಲ ಕ್ಯಾಪ್ಸೂಲ್ ನುಂಗಬೇಕಿಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಹೆರಿಗೆ, ಊಟದಲ್ಲಿ ಕಬ್ಬಿಣದ ಕೊರತೆ, ಜಂತುಹುಳು ಇವನ್ನು ಮೊದಲು ನೋಡಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಲೆಕ್ಕ ಬೇರೆ. ಅವರಲ್ಲಿ ಕಬ್ಬಿಣದ ಕೊರತೆ ಕಂಡರೆ ಕರುಳಿನಲ್ಲಿ ಎಲ್ಲೋ ರಕ್ತ ಹೋಗುತ್ತಿರಬಹುದೆಂದು ವೈದ್ಯರು ಅನುಮಾನಿಸುತ್ತಾರೆ. ಆಗಲೂ ಮೊದಲ ಸರದಿ ಎರಡು ಸ್ಕೋಪಿಗಳದ್ದೇ. ಅವು ಸರಿಯಾಗಿ ನಡೆದಿದ್ದವೆ, ಕರುಳು ಸ್ವಚ್ಛವಾಗಿತ್ತೆ, ನೋಡಬೇಕಾದದ್ದನ್ನೆಲ್ಲ ನೋಡಿದ್ದಾರೆಯೆ ಎಂದು ವಿಚಾರಿಸುವುದೂ ಅನುಭವಿ ವೈದ್ಯರ ಪದ್ಧತಿ. ಅನುಮಾನವಿದ್ದರೆ ಕ್ಯಾಪ್ಸೂಲಿಗೆ ಕೈಹಾಕುವ ಮುನ್ನ ಸ್ಕೋಪಿಯನ್ನೇ ಇನ್ನೊಮ್ಮೆ ಮಾಡುತ್ತಾರೆ.

ಕ್ಯಾಪ್ಸೂಲಿನ ಮುಖ್ಯ ಕೆಲಸ ಸಣ್ಣಕರುಳಿನ ರಕ್ತಸ್ರಾವದ ಮೂಲ ಹುಡುಕುವುದು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ಅನುಮಾನವಿದ್ದು ಕೊಲೊನೋಸ್ಕೋಪಿಯಲ್ಲಿ ಏನೂ ಕಾಣದಿದ್ದಾಗ, ವಂಶವಾಹಿಯಾಗಿ ಪಾಲಿಪ್‌ಗಳು ಬೆಳೆಯುವ ಪ್ಯೂಟ್ಸ್–ಜೆಗರ್ಸ್‌ನಂಥ ಕಾಯಿಲೆಗಳಲ್ಲಿ, ಸಣ್ಣಕರುಳಿನ ಗಡ್ಡೆಯ ಅನುಮಾನವಿದ್ದಾಗಲೂ ಬಳಸುತ್ತಾರೆ. ಬರೀ ಹೊಟ್ಟೆನೋವು ಎಂದು ಬಂದವರಿಗೆ, ರಕ್ತ ಪರೀಕ್ಷೆ, ತೂಕ ಎಲ್ಲವೂ ಸರಿಯಿದ್ದಾಗ, ಇದರಿಂದ ಸಿಗುವ ಫಲ ತೀರಾ ಕಡಿಮೆ.

ಸಮಯವೂ ಅಷ್ಟೇ ಮುಖ್ಯ. ಮಲ ಕಪ್ಪಗೆ, ಜಿಗುಟಾಗಿ ಹೋಗುತ್ತಿರುವಾಗ ನುಂಗಿಸಿದರೆ ಮೂಲ ಸಿಗುವ ಸಾಧ್ಯತೆ ಹೆಚ್ಚು. ರಕ್ತಸ್ರಾವ ಕಣ್ಣಿಗೆ ಕಾಣುವಂತಿದ್ದರೆ ಆದಷ್ಟು ಬೇಗ, ಸಾಧ್ಯವಾದರೆ 48 ಗಂಟೆಯೊಳಗೆ ಮಾಡಬೇಕೆಂದು ಯುರೋಪಿನ ಎಂಡೋಸ್ಕೋಪಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಆಗುವುದು ಹೆಚ್ಚಾಗಿ ಉಲ್ಟಾ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು, ಸುಧಾರಿಸಿಕೊಂಡು, ದುಡ್ಡು ಹೊಂದಿಸಿಕೊಂಡು ದೊಡ್ಡ ಊರಿಗೆ ಬರುವಷ್ಟರಲ್ಲಿ ರಕ್ತ ನಿಂತಿರುತ್ತದೆ. ಒಸರುತ್ತಿದ್ದ ಜಾಗವನ್ನು ಆಗ ಗುರುತಿಸುವುದು ಬಲು ಕಷ್ಟ.

ನುಂಗುವ ಮುನ್ನ ಕೇಳುವ ಪ್ರಶ್ನೆ

ಈ ಪರೀಕ್ಷೆಯ ನಿಜವಾದ ಅಪಾಯ ಒಂದೇ: ಕ್ಯಾಪ್ಸೂಲ್ ಒಳಗೆ ಸಿಕ್ಕಿಕೊಳ್ಳುವುದು. ಎರಡು ವಾರ ಕಳೆದರೂ ಹೊರಬರದಿದ್ದರೆ ಸಿಕ್ಕಿಕೊಂಡಿದೆ ಎಂದು ಲೆಕ್ಕ. ರಕ್ತಸ್ರಾವಕ್ಕಾಗಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಹೀಗಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಕ್ರೋನ್ಸ್ ಇದೆಯೆಂದು ಮೊದಲೇ ಗೊತ್ತಿರುವವರಲ್ಲಿ ಇನ್ನೂ ಹೆಚ್ಚು. ಕರುಳು ಎಲ್ಲಿ ಕಿರಿದಾಗಿದೆಯೋ ಅಲ್ಲೇ ಅದು ನಿಲ್ಲುತ್ತದೆ.

ಕರುಳು ಕಿರಿದಾಗಲು ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣವಿದೆ: ಕರುಳಿನ ಕ್ಷಯ. ಹುಣ್ಣು ಮಾಯುವಾಗ ಕಲೆಗಟ್ಟಿ ಕರುಳಿನ ಕೊಳವೆ ಬಿಗಿದುಕೊಳ್ಳುತ್ತದೆ. ಹಾಗಾಗಿ ಇಲ್ಲಿನ ತಜ್ಞರು ಬಿಡದೆ ವಿಚಾರಿಸುತ್ತಾರೆ. ಊಟವಾದ ಮೇಲೆ ಹೊಟ್ಟೆ ಹಿಂಡಿದಂತೆ ನೋಯುತ್ತದೆಯೆ? ಉಬ್ಬರಿಸಿ, ಗುಡುಗುಡು ಸದ್ದಾಗಿ, ಆಮೇಲೆ ಇಳಿಯುತ್ತದೆಯೆ? ವಾಂತಿಯಾಗುತ್ತದೆಯೆ? ತೂಕ ಇಳಿದಿದೆಯೆ? ಹಿಂದೆ ಕ್ಷಯಕ್ಕೆ ಮಾತ್ರೆ ತಿಂದದ್ದುಂಟೆ, ಮನೆಯಲ್ಲಿ ಯಾರಿಗಾದರೂ ಇತ್ತೆ? ಹೊಟ್ಟೆಯ ಆಪರೇಷನ್, ರೇಡಿಯೇಷನ್ ಆಗಿದೆಯೆ? ನೋವಿನ ಮಾತ್ರೆ ವರ್ಷಗಟ್ಟಲೆ ತಿಂದಿದ್ದೀರಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಮೊದಲು ಕರುಳಿಗೆಂದೇ ಮಾಡುವ ಸಿಟಿ ಎಂಟೆರೋಗ್ರಫಿ ಮಾಡಿಸುತ್ತಾರೆ. ಕೆಲವು ಕಡೆ, ಅದೇ ಅಳತೆಯ, ಒಳಗೆ ಉಳಿದರೆ ತಾನಾಗಿ ಕರಗುವ ಪರೀಕ್ಷಾ ಕ್ಯಾಪ್ಸೂಲನ್ನು ಮೊದಲು ನುಂಗಿಸಿ ಹಾದಿ ತೆರೆದಿದೆಯೆ ಎಂದು ನೋಡುವುದುಂಟು.

ಸಿಕ್ಕಿಕೊಂಡ ಕ್ಯಾಪ್ಸೂಲಿನಿಂದ ಬಹುಪಾಲು ಜನರಿಗೆ ತಕ್ಷಣ ತೊಂದರೆಯಾಗುವುದಿಲ್ಲ. ಔಷಧದಿಂದ ಉರಿಯೂತ ಇಳಿದು ಅದು ಜಾರಿಹೋಗಬಹುದು, ಉದ್ದದ ಸ್ಕೋಪಿನಿಂದ ತೆಗೆಯಬಹುದು, ಇಲ್ಲವೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದರೆ ಈ ಸಾಧ್ಯತೆಯನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಕರ್ತವ್ಯ.

ಪರೀಕ್ಷೆಯ ದಿನ

ಸಿದ್ಧತೆ ಒಂದು ವಾರ ಮೊದಲೇ ಶುರು. ಕಬ್ಬಿಣದ ಮಾತ್ರೆ ನಿಲ್ಲಿಸಬೇಕು. ಅದು ಕರುಳಿನ ಗೋಡೆಗೆ ಕಪ್ಪು ಮೆತ್ತಿ ಚಿತ್ರ ಕೆಡಿಸುತ್ತದೆ. ಹಿಂದಿನ ದಿನ ಹಗುರ ಆಹಾರ, ಸಂಜೆಗೆ ತಿಳಿ ದ್ರವಗಳು, ರಾತ್ರಿ ಕರುಳು ತೊಳೆಯುವ ಔಷಧ ಬೆರೆಸಿದ ಎರಡು ಲೀಟರ್‌ನಷ್ಟು ನೀರು. ಬೆಳಿಗ್ಗೆ ಬರಿಹೊಟ್ಟೆ. ನೊರೆ, ಗುಳ್ಳೆ ಇಳಿಯಲೆಂದು ಸಿಮೆಥಿಕೋನ್ ಹನಿ.

ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಸೆನ್ಸರ್ ಪಟ್ಟಿಗಳನ್ನು ಅಂಟಿಸುತ್ತಾರೆ ಅಥವಾ ಸೆನ್ಸರ್ ಬೆಲ್ಟು ಕಟ್ಟುತ್ತಾರೆ, ರೆಕಾರ್ಡರ್ ಸೊಂಟಕ್ಕೆ. ಡಬ್ಬಿಯಿಂದ ತೆಗೆದೊಡನೆ ಕ್ಯಾಪ್ಸೂಲಿನ ತುದಿ ಮಿಣುಕತೊಡಗುತ್ತದೆ. ಒಂದು ಲೋಟ ನೀರಿನೊಂದಿಗೆ ನುಂಗಿದರೆ ಮುಗಿಯಿತು. ಮತ್ತಿನ ಚುಚ್ಚುಮದ್ದಿಲ್ಲ, ನೋವಿಲ್ಲ. ಸ್ವಲ್ಪ ಹೊತ್ತಿನ ನಂತರ ಸಿಬ್ಬಂದಿ ಪುಟ್ಟ ಪರದೆಯಲ್ಲಿ ನೋಡಿ ಕ್ಯಾಪ್ಸೂಲ್ ಜಠರ ದಾಟಿದೆಯೆ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಲ್ಲಿ, ಹಾಸಿಗೆ ಹಿಡಿದವರಲ್ಲಿ ಅದು ಜಠರದಲ್ಲೇ ಗಂಟೆಗಟ್ಟಲೆ ಉಳಿದು ಬ್ಯಾಟರಿ ವ್ಯರ್ಥವಾಗುವುದುಂಟು. ಆಗ ಜಠರದ ಚಲನೆ ಹೆಚ್ಚಿಸುವ ಔಷಧ ಕೊಡುತ್ತಾರೆ, ಇಲ್ಲವೆ ಎಂಡೋಸ್ಕೋಪಿನಿಂದಲೇ ಮುಂದಕ್ಕೆ ದಾಟಿಸುತ್ತಾರೆ. ಎರಡು ಗಂಟೆಯ ನಂತರ ನೀರು, ಎಳನೀರಿನಂಥ ತಿಳಿ ಪಾನೀಯ. ನಾಲ್ಕು ಗಂಟೆಯ ನಂತರ ಹಗುರ ತಿಂಡಿ. ರೋಗಿ ಓಡಾಡಬಹುದು. ಸಂಜೆ ರೆಕಾರ್ಡರ್ ಹಿಂತಿರುಗಿಸಿದರೆ ಸಾಕು. ಕ್ಯಾಪ್ಸೂಲ್ ಒಂದೆರಡು ದಿನದಲ್ಲಿ ಮಲದೊಂದಿಗೆ ಹೋಗುತ್ತದೆ. ಅದು ಹೋಗಿದೆಯೆಂದು ಖಾತ್ರಿಯಾಗುವವರೆಗೆ ಎಂಆರ್‌ಐ ಸ್ಕ್ಯಾನ್ ಮಾತ್ರ ಕೂಡದು.

ಪರದೆಯ ಮುಂದೆ ಕುಳಿತ ವೈದ್ಯರು

ರೋಗಿಯ ಪಾಲಿನ ಕೆಲಸ ಮುಗಿದ ಮೇಲೆ ವೈದ್ಯರ ಕೆಲಸ ಶುರು. ಎಂಟು ಗಂಟೆಯಲ್ಲಿ ಸೇರಿದ ಚಿತ್ರಗಳು ಐವತ್ತು ಸಾವಿರದಷ್ಟು. ಅವನ್ನು ವಿಡಿಯೊದಂತೆ ಓಡಿಸುತ್ತಾ ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಕಣ್ಣು ಕೀಳದೆ ನೋಡಬೇಕು. ಹುಡುಕುತ್ತಿರುವ ಕೆಂಪು ಚುಕ್ಕೆ ಇಡೀ ರಾಶಿಯಲ್ಲಿ ಒಂದೆರಡು ಚಿತ್ರಗಳಲ್ಲಷ್ಟೇ ಇರಬಹುದು. ಮಸುಕು ಪಿತ್ತ, ಗುಳ್ಳೆ, ಮಡಿಕೆಯ ಹಿಂದಿನ ನೆರಳು ಎಲ್ಲವೂ ಮೋಸ ಮಾಡುತ್ತವೆ.

ಓದುವವರು ಮೊದಲು ಮೂರು ಗುರುತು ಹಾಕುತ್ತಾರೆ: ಜಠರದ ಮೊದಲ ಚಿತ್ರ, ಸಣ್ಣಕರುಳಿನ ಮೊದಲ ಚಿತ್ರ, ದೊಡ್ಡಕರುಳಿನ ಮೊದಲ ಚಿತ್ರ. ಕರುಳಿನೊಳಗೆ ಊರು ತೋರಿಸುವ ಮೈಲಿಗಲ್ಲುಗಳಿಲ್ಲದ್ದರಿಂದ ದೂರವನ್ನು ಕಾಲದಿಂದ ಅಳೆಯಬೇಕು. ಒಂದು ಉದಾಹರಣೆ ನೋಡೋಣ. ಕ್ಯಾಪ್ಸೂಲ್ ಸಣ್ಣಕರುಳು ಸೇರಿದ್ದು ನುಂಗಿದ 32ನೇ ನಿಮಿಷಕ್ಕೆ. ದೊಡ್ಡಕರುಳು ಕಂಡದ್ದು 4 ಗಂಟೆ 40 ನಿಮಿಷಕ್ಕೆ. ರಕ್ತನಾಳದ ಗಂಟು ಕಂಡದ್ದು 1 ಗಂಟೆ 10 ನಿಮಿಷಕ್ಕೆ. ಅಂದರೆ ನಾಲ್ಕು ಗಂಟೆಯ ಹಾದಿಯಲ್ಲಿ ಮೊದಲ 38 ನಿಮಿಷದೊಳಗೇ ತೊಂದರೆಯಿದೆ. ಆ ಜಾಗಕ್ಕೆ ಬಾಯಿಯಿಂದ ಹೋಗಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ. ಅದೇ ಗಂಟು ನಾಲ್ಕನೇ ಗಂಟೆಗೆ ಕಂಡಿದ್ದರೆ ಕೆಳಗಿನಿಂದ ಹೋಗುತ್ತಿದ್ದರು.

ಕಂಡದ್ದೆಲ್ಲ ಕಾಯಿಲೆಯಲ್ಲ. ರಕ್ತ ಒಸರುತ್ತಿರುವ ಗಂಟು, ಆಳದ ಹುಣ್ಣು, ಗಡ್ಡೆ ಇವು ರಕ್ತಹೀನತೆಗೆ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಸಣ್ಣ ಕೆಂಪು ಚುಕ್ಕೆ, ಒಂದು ಗೀರು ಆರೋಗ್ಯವಂತರಲ್ಲೂ ಕಾಣುತ್ತದೆ. ಇವನ್ನು ಬೇರ್ಪಡಿಸಲು ತಜ್ಞರಿಗೆ ಶ್ರೇಣಿಗಳಿವೆ. ಉರಿಯೂತದ ತೀವ್ರತೆ ಅಳೆಯಲು ಅಂಕಪದ್ಧತಿಗಳಿವೆ. ಅಂಕ ಏನೇ ಬರಲಿ, ರೋಗಿಯ ಕತೆಯೊಂದಿಗೆ ಅದು ಕೂಡಿಬರಬೇಕು.

ಈ ದಣಿವಿನ ಕೆಲಸದಲ್ಲಿ ಕೃತಕ ಬುದ್ಧಿಮತ್ತೆ ನೆರವಾಗತೊಡಗಿದೆ. ಚೀನಾದ 77 ಆಸ್ಪತ್ರೆಗಳ ಸುಮಾರು ಏಳು ಸಾವಿರ ರೋಗಿಗಳ ಚಿತ್ರಗಳನ್ನು ಬಳಸಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಪರೀಕ್ಷೆಯನ್ನು ಓದಲು ಬೇಕಾಗುತ್ತಿದ್ದ ಸರಾಸರಿ ಸಮಯ 96 ನಿಮಿಷದಿಂದ 6 ನಿಮಿಷಕ್ಕೆ ಇಳಿಯಿತು. ಅನುಮಾನದ ಚಿತ್ರಗಳನ್ನು ಯಂತ್ರ ಆರಿಸಿಕೊಡುತ್ತದೆ. ಅದು ಏನು, ಈ ರೋಗಿಗೆ ಅದರಿಂದೇನು ಎಂಬ ತೀರ್ಮಾನ ವೈದ್ಯರದ್ದು.

ಏನೇನು ಸಿಗುತ್ತದೆ?

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವುದು ಹಿಗ್ಗಿ ತೆಳುವಾದ ರಕ್ತನಾಳಗಳ ಗಂಟುಗಳು. ಮೂತ್ರಪಿಂಡದ ಕಾಯಿಲೆ, ಹೃದಯದ ಮಹಾಪಧಮನಿ ಕವಾಟ ಕಿರಿದಾಗುವ ಕಾಯಿಲೆ ಇರುವವರಲ್ಲಿ ಇವು ಹೆಚ್ಚು. ಆದ್ದರಿಂದಲೇ ಜೀರ್ಣಾಂಗ ತಜ್ಞರು ಸ್ಟೆತಾಸ್ಕೋಪನ್ನು ಎದೆಯ ಮೇಲೂ ಇಡಬೇಕು. ಹರೆಯದವರಲ್ಲಿ ಗಡ್ಡೆ, ಕ್ರೋನ್ಸ್, ಹುಟ್ಟಿನಿಂದಲೇ ಬರುವ ಮೆಕೆಲ್ಸ್ ಎಂಬ ಕರುಳಿನ ಚೀಲದ ಬಗ್ಗೆ ಮೊದಲು ಯೋಚಿಸುತ್ತಾರೆ.

ಎರಡನೆಯದು ನೋವಿನ ಮಾತ್ರೆಗಳ ಹುಣ್ಣು. ಮಂಡಿನೋವಿಗೆ, ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿನ್ನುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಜಠರಕ್ಕೆ ಕೆಡುಕೆಂದು ಬಹಳ ಜನರಿಗೆ ಗೊತ್ತು. ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಸಾಕೆಂದುಕೊಳ್ಳುತ್ತಾರೆ. 2005ರ ಒಂದು ಅಧ್ಯಯನದಲ್ಲಿ 40 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಎರಡು ವಾರ ಡೈಕ್ಲೋಫೆನಾಕ್ ಮತ್ತು ಜಠರ ಕಾಯುವ ಒಮೆಪ್ರಜೋಲ್ ಎರಡನ್ನೂ ಕೊಟ್ಟು ಕ್ಯಾಪ್ಸೂಲ್ ನುಂಗಿಸಿದರು. 27 ಮಂದಿಯ ಸಣ್ಣಕರುಳಿನಲ್ಲಿ ಮೊದಲಿಲ್ಲದ ಗಾಯಗಳು ಕಂಡವು. ಗ್ಯಾಸ್ಟ್ರಿಕ್ ಮಾತ್ರೆ ತಡೆಯುವುದು ಜಠರದ ಆಮ್ಲವನ್ನು. ಅದರ ರಕ್ಷಣೆ ಸಣ್ಣಕರುಳಿನವರೆಗೆ ಬರುವುದಿಲ್ಲ. ಇಂಥ ರೋಗಿಗೆ ಮೊದಲ ಚಿಕಿತ್ಸೆ ಆ ಮಾತ್ರೆ ನಿಲ್ಲಿಸುವುದು.

ಮೂರನೆಯದು ಕೊಕ್ಕೆಹುಳು. ಬರಿಗಾಲಲ್ಲಿ ಹೊಲ, ತೋಟ ತುಳಿಯುವವರ ಚರ್ಮ ಕೊರೆದು ಒಳಸೇರುವ ಮರಿಹುಳು ಕೊನೆಗೆ ಬೀಡುಬಿಡುವುದು ಸಣ್ಣಕರುಳಿನ ಮೇಲ್ಭಾಗದಲ್ಲಿ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಹುಳು ಗೋಡೆ ಕಚ್ಚಿ ರಕ್ತ ಹೀರುತ್ತದೆ. ಹುಳುಗಳು ನೂರಾರಾದರೆ ಹಿಮೋಗ್ಲೋಬಿನ್ ಕುಸಿಯುತ್ತದೆ. ಮಲಪರೀಕ್ಷೆಯಲ್ಲಿ ತಪ್ಪಿಸಿಕೊಂಡದ್ದು ಕ್ಯಾಪ್ಸೂಲಿನ ಚಿತ್ರದಲ್ಲಿ ಹೊಯ್ದಾಡುತ್ತಾ ಸಿಕ್ಕ ಪ್ರಕರಣಗಳು ಭಾರತದಿಂದ ಹಲವು ವರದಿಯಾಗಿವೆ. ಮದ್ದು ಆಲ್ಬೆಂಡಜೋಲ್, ಕೆಲವೇ ರೂಪಾಯಿಯ ಮಾತ್ರೆ. ದುಬಾರಿ ಪರೀಕ್ಷೆಗೆ ಮೊದಲು ಮಲಪರೀಕ್ಷೆಯನ್ನು ಸರಿಯಾಗಿ ಮಾಡಿಸುವುದು, ಜಂತುಹುಳುವಿನ ಮದ್ದು ಕೊಟ್ಟು ನೋಡುವುದು ನಮ್ಮ ನೆಲದಲ್ಲಿ ಜಾಣತನ.

ಕ್ಯಾಪ್ಸೂಲ್ ಹೇಳಲಾರದ್ದು

ಹುಣ್ಣು ಕಂಡಿತು. ಅದು ಕ್ಷಯವೋ ಕ್ರೋನ್ಸೋ? ಭಾರತದ ವೈದ್ಯರನ್ನು ಇದಕ್ಕಿಂತ ಹೆಚ್ಚು ಕಾಡುವ ಪ್ರಶ್ನೆಗಳು ಕಡಿಮೆ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಕ್ಷಯದ ರೋಗಿಗೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ ಕ್ಷಯ ಹರಡುತ್ತದೆ. ಕ್ರೋನ್ಸ್ ರೋಗಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರೆ ಅಷ್ಟು ಕಾಲ ಕರುಳು ಹಾಳಾಗುತ್ತದೆ. ತೀರ್ಮಾನಕ್ಕೆ ಅಂಗಾಂಶದ ತುಣುಕು ಬೇಕು. ಕ್ಯಾಪ್ಸೂಲ್ ತುಣುಕು ತೆಗೆಯಲಾರದು, ರಕ್ತ ನಿಲ್ಲಿಸಲಾರದು, ಹಿಂದೆ ತಿರುಗಿ ಮತ್ತೊಮ್ಮೆ ನೋಡಲಾರದು.

ಅದಕ್ಕಾಗಿ ಇರುವುದು ಬಲೂನ್ ಎಂಟೆರೋಸ್ಕೋಪಿ. ಜಪಾನಿನ ಹಿರೊನೊರಿ ಯಮಮೊಟೊ 2001ರಲ್ಲಿ ಇದರ ವಿವರ ಪ್ರಕಟಿಸಿದರು. ಉದ್ದನೆಯ ಸ್ಕೋಪು ಮತ್ತು ಅದರ ಹೊರಕೊಳವೆಗಳ ತುದಿಯ ಬಲೂನುಗಳನ್ನು ಒಂದಾದ ಮೇಲೊಂದು ಉಬ್ಬಿಸಿ, ಇಳಿಸಿ, ಕರುಳನ್ನು ನೆರಿಗೆಯಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಾ ಒಳಸಾಗುತ್ತಾರೆ. ಗಂಟೆಗಟ್ಟಲೆ ಹಿಡಿಯುವ, ಮತ್ತು ಕೊಟ್ಟು ಮಾಡುವ, ಕೈಚಳಕ ಬೇಡುವ ಕೆಲಸ. ಆದರೆ ತುಣುಕು ತೆಗೆಯಬಹುದು, ರಕ್ತನಾಳದ ಗಂಟು ಸುಡಬಹುದು, ಪಾಲಿಪ್ ಕತ್ತರಿಸಬಹುದು. ಎಲ್ಲಿಗೆ ಹೋಗಬೇಕೆಂದು ಕ್ಯಾಪ್ಸೂಲ್ ಮೊದಲೇ ತೋರಿಸಿದ್ದರೆ ಈ ಕಷ್ಟದ ಪಯಣ ಗುರಿ ತಪ್ಪುವುದಿಲ್ಲ. ಧಾರಾಕಾರ ರಕ್ತ ಹೋಗಿ ಬಿಪಿ ಕುಸಿಯುತ್ತಿರುವವರಿಗಂತೂ ಕ್ಯಾಪ್ಸೂಲಿಗಾಗಿ ಕಾಯುವಂತಿಲ್ಲ; ತಕ್ಷಣ ಸಿಟಿ ಆಂಜಿಯೋಗ್ರಫಿ ಮಾಡಿ ರಕ್ತ ಒಸರುವ ನಾಳವನ್ನು ಮುಚ್ಚುವ ದಾರಿ ಹಿಡಿಯುತ್ತಾರೆ.

ಏನೂ ಕಾಣದೆಯೂ ಹೋಗಬಹುದು. ಆಗ ರಕ್ತಸ್ರಾವ ಮರುಕಳಿಸುವ ಸಾಧ್ಯತೆ ಕಡಿಮೆ, ಇಲ್ಲವೆಂದಲ್ಲ. ಹಿಮೋಗ್ಲೋಬಿನ್ ಮೇಲೆ ಕಣ್ಣಿಟ್ಟು, ಮತ್ತೆ ಇಳಿದರೆ ಅಥವಾ ಮಲದಲ್ಲಿ ರಕ್ತ ಕಣ್ಣಿಗೇ ಕಂಡರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.

ಮನೆಯವರು ಕೇಳಬೇಕಾದದ್ದು

ಕ್ಯಾಪ್ಸೂಲ್ ಒಮ್ಮೆ ಬಳಸಿ ಬಿಡುವ ವಸ್ತು; ನಮ್ಮಲ್ಲಿ ಖರ್ಚು ಹತ್ತಾರು ಸಾವಿರ ರೂಪಾಯಿ. ದುಡಿದು ತಿನ್ನುವ ಕುಟುಂಬಕ್ಕೆ ಅದು ತಿಂಗಳುಗಳ ಸಂಪಾದನೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸಂಕೋಚಪಡದೆ ಕೇಳಿ: ಏನನ್ನು ಹುಡುಕುತ್ತಿದ್ದೀರಿ? ಕರುಳು ಕಿರಿದಾಗಿಲ್ಲವೆಂದು ಹೇಗೆ ಗೊತ್ತಾಯಿತು? ಏನಾದರೂ ಕಂಡರೆ ಮುಂದಿನ ಹೆಜ್ಜೆ ಏನು, ಅದು ಈ ಆಸ್ಪತ್ರೆಯಲ್ಲೇ ಆಗುತ್ತದೆಯೆ? ವಿಡಿಯೊ ಓದುವವರು ಯಾರು? ಇವುಗಳಿಗೆ ಉತ್ತರ ಸಿದ್ಧವಿರುವ ವೈದ್ಯರ ಕೈಯಲ್ಲಿ ಈ ಪರೀಕ್ಷೆಗೆ ಬೆಲೆಯುಂಟು. ನೀವೂ ಮುಚ್ಚಿಡದೆ ಹೇಳಿ: ತಿಂದ ನೋವಿನ ಮಾತ್ರೆಗಳೆಷ್ಟು, ನಾಟಿ ಔಷಧ ಯಾವುದು, ಹಿಂದೆ ಬಿಟ್ಟ ಕ್ಷಯದ ಚಿಕಿತ್ಸೆ ಎಷ್ಟು ತಿಂಗಳಿನದು.

ಎಲ್ಲಕ್ಕಿಂತ ಮುಖ್ಯವಾಗಿ, 'ವಯಸ್ಸಾಯಿತು, ರಕ್ತ ಕಡಿಮೆ' ಎಂಬ ಮಾತಿಗೆ ಸಮಾಧಾನಪಟ್ಟು ಕೂರಬೇಡಿ. ವಯಸ್ಸಾದ ಮಾತ್ರಕ್ಕೆ ಯಾರ ರಕ್ತವೂ ಪದೇಪದೇ ಆರಕ್ಕೋ ಏಳಕ್ಕೋ ಇಳಿಯುವುದಿಲ್ಲ. ಎರಡನೇ ಬಾರಿ ರಕ್ತ ಹಾಕಿಸಿಕೊಳ್ಳುವ ಹೊತ್ತಿಗಾದರೂ ಕಾರಣ ಏನೆಂದು ಕೇಳುವುದು ರೋಗಿಯ ಹಕ್ಕು. ಅದನ್ನು ಹುಡುಕಲು ದಾರಿ ಇದೆ ಎಂದು ತಿಳಿಸುವುದು ಮತ್ತು ಆ ದಾರಿ ಜಿಲ್ಲಾ ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳವರೆಗೂ ಬರುವಂತೆ ಮಾಡುವುದು ವೈದ್ಯ ವ್ಯವಸ್ಥೆಯ ಹೊಣೆ.